ಪ್ಯಾಚ್ ಬಂದ ಮೇಲೆ ಹೀಲರ್‌ನ ಮಾನಾ ಲೆಕ್ಕ

ಬ್ಯಾಲೆನ್ಸ್ ಪ್ಯಾಚ್ (ಮಂತ್ರಗಳ ಬೆಲೆ, ಬಲ ಬದಲಿಸುವ ಆಟದ ತಿದ್ದುಪಡಿ) ಬಂದ ವಾರ ಹೀಲರ್‌ಗಳ, ಅಂದರೆ ತಂಡದ ಗಾಯ ವಾಸಿ ಮಾಡುವವರ ದೂರು ಎಲ್ಲ ಆಟಗಳಲ್ಲೂ ಒಂದೇ: ಬಾಸ್‌ನ (ದೊಡ್ಡ ಶತ್ರುವಿನ) ಜೀವ 30%ಗೆ ಇಳಿಯುವಷ್ಟರಲ್ಲಿ ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಖಾಲಿ. ಆಗ ಹೆಚ್ಚಿನವರು ಮೊದಲು ಗೇರ್ (ಪಾತ್ರದ ಆಯುಧ-ಉಡುಪು) ಬದಲಿಸುತ್ತಾರೆ, ಅದೂ ಸಾಲದಿದ್ದರೆ ಕ್ಲಾಸನ್ನೇ (ಪಾತ್ರದ ಬಗೆಯನ್ನೇ) ಬದಲಿಸುತ್ತಾರೆ. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಹತ್ತು ನಿಮಿಷದ ಲೆಕ್ಕ. ಪ್ಯಾಚ್ ಮಂತ್ರಗಳ ಬೆಲೆ ಬದಲಿಸಿರುತ್ತದೆ, ನಿಮ್ಮ ಬೆರಳಿಗೆ ಮಾತ್ರ ಹಳೆಯ ಬೆಲೆಯೇ ರೂಢಿ. ಹೊಸ ಸಂಖ್ಯೆ ಎಷ್ಟು ಪೆಟ್ಟು ಕೊಡುತ್ತದೋ ಅದಕ್ಕಿಂತ ಹೆಚ್ಚು ಮಾನಾ ಈ ರೂಢಿಯಿಂದಲೇ ಸೋರಿಹೋಗುತ್ತದೆ.

ಕಾರವಾರ, ಕುಮಟಾ, ಶಿರಸಿ ಕಡೆ ಕೂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅಥವಾ ಫೈನಲ್ ಫ್ಯಾಂಟಸಿ 14 ಆಡುವವರಿಗಾಗಿ ಈ ಬರಹ. ಉದಾಹರಣೆಗಳೆಲ್ಲ ಆ ಎರಡು ಆಟಗಳವು. ಲೆಕ್ಕದ ಕ್ರಮ ಮಾತ್ರ ಮಾನಾ ಇರುವ ಯಾವ ಆಟಕ್ಕೂ ನಡೆಯುತ್ತದೆ.

ನಾಲ್ಕು ಅಂಕಿಗಳು

ಅಡಿಕೆ ತೋಟ ಇರುವ ಮನೆಯವರಿಗೆ ಈ ಲೆಕ್ಕ ಹೊಸದಲ್ಲ. ಕೆರೆಯಲ್ಲಿ ನೀರು ಎಷ್ಟಿದೆ, ಒರತೆ ಎಷ್ಟು ಬರುತ್ತದೆ, ದಿನಕ್ಕೆ ಎಷ್ಟು ಹಾಯಿಸುತ್ತೇವೆ, ಮಳೆಗೆ ಇನ್ನೆಷ್ಟು ದಿನ. ಮುಂಗಾರು ಬೀಳುವ ದಿನ ಕೆರೆ ಬತ್ತಿದ್ದರೆ ಚಿಂತೆಯಿಲ್ಲ, ಏಪ್ರಿಲ್‌ನಲ್ಲೇ ಬತ್ತಿದರೆ ತೋಟ ಉಳಿಯುವುದಿಲ್ಲ. ಹೀಲರ್‌ಗೂ ನಾಲ್ಕೇ ಅಂಕಿ: ಪೂಲ್ (ಇರುವ ಒಟ್ಟು ಮಾನಾ), ರೀಜೆನ್ (ಮರಳಿ ತುಂಬುವ ಮಾನಾ), ಖರ್ಚು, ಫೈಟಿನ ಉದ್ದ. ಬಾಸ್ ಸಾಯುವ ಹೊತ್ತಿಗೆ 5ರಿಂದ 10% ಮಾನಾ ಉಳಿದಿದ್ದರೆ ಲೆಕ್ಕ ಸರಿ ಇದೆ. 50% ಉಳಿದಿದ್ದರೆ ಅದನ್ನು ಜಾಣತನ ಎನ್ನಲಾಗದು, ಯಾರನ್ನೋ ಉಳಿಸಬಹುದಾಗಿದ್ದ ಮಾನಾ ಹಾಗೇ ಕೊಳೆತಿದೆ ಎಂದರ್ಥ.

ಹಂತ 1: ಪ್ಯಾಚ್ ಟಿಪ್ಪಣಿಯನ್ನು ವಿಂಗಡಿಸಿ

ನಿಮ್ಮ ಕ್ಲಾಸಿನ ಭಾಗವನ್ನಷ್ಟೇ ಓದಿ ಮುಗಿಸಬೇಡಿ. ಪೂರ್ತಿ ಟಿಪ್ಪಣಿ ಓದಿ, ಪ್ರತಿ ಸಾಲನ್ನೂ ಮೇಲಿನ ನಾಲ್ಕು ಅಂಕಿಗಳಲ್ಲಿ ಯಾವುದಕ್ಕೆ ತಾಗುತ್ತದೆ ಎಂದು ಗುರುತು ಹಾಕಿ. ಮಂತ್ರದ ಬೆಲೆ ಏರಿದರೆ ಅದು ಖರ್ಚು, ಇದು ಎಲ್ಲರಿಗೂ ಕಾಣುತ್ತದೆ. ಹೀಲಿಂಗ್ 8% ಇಳಿದರೆ ಅದೂ ಖರ್ಚೇ, ಏಕೆಂದರೆ ಅದೇ ಗಾಯಕ್ಕೆ ಹೆಚ್ಚು ಸಲ ಹಾಕಬೇಕಾಗುತ್ತದೆ. ಡ್ಯಾಮೇಜ್ ಕ್ಲಾಸ್‌ಗಳಿಗೆ (ಶತ್ರುವಿಗೆ ಹೊಡೆಯುವವರಿಗೆ) 10% ಬಲ ಕೊಟ್ಟರೆ ಅದು ಫೈಟಿನ ಉದ್ದಕ್ಕೆ ಸೇರುತ್ತದೆ. 360 ಸೆಕೆಂಡಿನ ಫೈಟ್ 327ಕ್ಕೆ ಬರುತ್ತದೆ, ನಿಮ್ಮ ಒಂದು ಮಂತ್ರವನ್ನೂ ಮುಟ್ಟದೆ ಮಾನಾ ಉಳಿಯುತ್ತದೆ. ಹೇಸ್ಟ್ (ಮಂತ್ರ ಹಾಕುವ ವೇಗ) ಹೆಚ್ಚಾದರೆ ಖುಷಿಪಡುವ ಮುಂಚೆ ಒಮ್ಮೆ ಯೋಚಿಸಿ. 20% ಹೇಸ್ಟ್ ಎಂದರೆ ನಿಮಿಷಕ್ಕೆ 24 ಕಾಸ್ಟ್ (ಮಂತ್ರ ಹಾಕುವುದು) ಇದ್ದದ್ದು ಸುಮಾರು 29 ಆಗುತ್ತದೆ, ಖರ್ಚೂ ಅಷ್ಟೇ ಏರುತ್ತದೆ, ರೀಜೆನ್ ಮಾತ್ರ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ.

ಟಿಪ್ಪಣಿಯಲ್ಲಿ ದೊಡ್ಡದಾಗಿ ಕಾಣುವ ಸಾಲೇ ದೊಡ್ಡ ಪೆಟ್ಟು ಎಂದುಕೊಳ್ಳಬಾರದು ಎನ್ನುವುದಕ್ಕೆ ವಾರ್‌ಕ್ರಾಫ್ಟ್‌ನ 3.1 ಪ್ಯಾಚ್, ಅಂದರೆ 2009ರ ಏಪ್ರಿಲ್‌ನದ್ದು, ಒಳ್ಳೆಯ ಉದಾಹರಣೆ. ಸ್ಪಿರಿಟ್ ಎಂಬ ಪಾತ್ರದ ಗುಣದಿಂದ ಬರುವ ರೀಜೆನ್ನನ್ನು 40% ಕಡಿತ ಮಾಡಿದರು. ಅದರ ಜೊತೆಗೇ ಪ್ರೀಸ್ಟ್ ಎಂಬ ಹೀಲರ್ ಕ್ಲಾಸಿನ ಮೆಡಿಟೇಶನ್ ಟ್ಯಾಲೆಂಟನ್ನು (ಕಾಸ್ಟ್ ಮಾಡುವಾಗಲೂ ರೀಜೆನ್‌ನ ಒಂದು ಪಾಲು ಉಳಿಸುವ ಗುಣ) 30%ರಿಂದ 50%ಗೆ ಏರಿಸಿದರು. ಗುಣಿಸಿ ನೋಡಿ. ಮೊದಲು ಕಾಸ್ಟ್ ಮಾಡುತ್ತಿರುವಾಗ 100ರಲ್ಲಿ 30 ಬರುತ್ತಿತ್ತು, ಈಗ 60ರಲ್ಲಿ ಅರ್ಧ, ಅದೂ 30. ಎಡೆಬಿಡದೆ ಕಾಸ್ಟ್ ಮಾಡುವವನಿಗೆ ಏನೂ ಬದಲಾಗಲಿಲ್ಲ. ನಡುನಡುವೆ ಕೈ ಬಿಟ್ಟು ಮಾನಾ ತುಂಬಿಸಿಕೊಳ್ಳುತ್ತಿದ್ದವನು ಪೆಟ್ಟು ತಿಂದ. ಒಂದೇ ಸಾಲು, ಆಡುವ ರೀತಿಗೆ ತಕ್ಕಂತೆ ಎರಡು ಪರಿಣಾಮ.

ಹಂತ 2: ಬದಲಾವಣೆಯ ತೂಕ ನೋಡಿ

ಒಂದು ಮಂತ್ರದ ಬೆಲೆ 10% ಏರಿತು ಎಂದರೆ ನಿಮ್ಮ ಖರ್ಚು 10% ಏರಿತು ಎಂದಲ್ಲ. ಒಟ್ಟು ಖರ್ಚಿನಲ್ಲಿ ಆ ಮಂತ್ರದ ಪಾಲು 30% ಇದ್ದರೆ ಏರಿಕೆ 3% ಮಾತ್ರ. ಫೈಟಿನಲ್ಲಿ ಬಳಸಿದ ಮಾನಾದ ಅರ್ಧದಷ್ಟು ರೀಜೆನ್‌ನಿಂದಲೇ ಬರುತ್ತಿದ್ದು, ಅದನ್ನು 10% ಇಳಿಸಿದರೆ ಹೋಗುವುದು 5%. ಅಂದರೆ ಎರಡನೆಯದೇ ಭಾರಿ. ಪಾಲು ಎಷ್ಟು ಎಂದು ಊಹಿಸಬೇಡಿ. ವಾರ್‌ಕ್ರಾಫ್ಟ್‌ನಲ್ಲಿ ಕಾಂಬ್ಯಾಟ್ ಲಾಗ್ (ಫೈಟಿನ ದಾಖಲೆ) ಹಾಕಿಟ್ಟು ವಾರ್‌ಕ್ರಾಫ್ಟ್ ಲಾಗ್ಸ್ ಜಾಲತಾಣಕ್ಕೆ ಏರಿಸಿದರೆ ಪ್ರತಿ ಮಂತ್ರದ ಕಾಸ್ಟ್ ಸಂಖ್ಯೆ, ಓವರ್‌ಹೀಲ್ (ಗಾಯಕ್ಕಿಂತ ಹೆಚ್ಚಾಗಿ ವ್ಯರ್ಥವಾದ ಹೀಲ್) ಶೇಕಡಾವಾರು, ಮಾನಾದ ಏರಿಳಿತದ ಗೆರೆ ಎಲ್ಲ ಸಿಗುತ್ತವೆ. ಫೈನಲ್ ಫ್ಯಾಂಟಸಿಯ ನಿಯಮ ಹೊರಗಿನ ಸಾಧನಗಳಿಗೆ ಅವಕಾಶ ಕೊಡುವುದಿಲ್ಲ. ಅಲ್ಲಿ ನಿಮ್ಮ ಪರದೆಯನ್ನು ರೆಕಾರ್ಡ್ ಮಾಡಿ, ಪ್ರತಿ ನಿಮಿಷದ ಕೊನೆಯ ಎಂಪಿ (ಅಲ್ಲಿ ಮಾನಾದ ಹೆಸರು) ಬರೆದುಕೊಂಡರೆ ಸಾಕು.

ಈ ದಾಖಲೆ ಪ್ಯಾಚ್ ಬರುವ ಹಿಂದಿನ ವಾರದ್ದೇ ಇರಬೇಕು. ಹಳೆಯ ಅಂಕಿ ಇಲ್ಲದಿದ್ದರೆ ಹೊಸದನ್ನು ಯಾವುದರ ಪಕ್ಕ ಇಟ್ಟು ನೋಡುತ್ತೀರಿ?

ಹಂತ 3: ನಿಮಿಷದ ಜಮಾ-ಖರ್ಚು ಬರೆಯಿರಿ

ಇದಕ್ಕೆ ಫೈನಲ್ ಫ್ಯಾಂಟಸಿ 14 ಅನುಕೂಲ, ಏಕೆಂದರೆ 2019ರ ಶ್ಯಾಡೋಬ್ರಿಂಗರ್ಸ್ ಆವೃತ್ತಿಯಿಂದ ಎಲ್ಲರ ಎಂಪಿಯೂ 10,000ಕ್ಕೆ ನಿಂತಿದೆ. ಗೇರ್ ಏರಿದರೂ ಪೂಲ್ ಏರುವುದಿಲ್ಲ. ವೈಟ್ ಮೇಜ್ ಎಂಬ ಹೀಲರ್ ಕ್ಲಾಸಿನ ಒಂದು ನಿಮಿಷ ಹೀಗಿರುತ್ತದೆ.

ಬರುವುದು: ಪ್ರತಿ 3 ಸೆಕೆಂಡಿಗೆ ತಾನಾಗಿ 200, ನಿಮಿಷಕ್ಕೆ 4,000. ಲೂಸಿಡ್ ಡ್ರೀಮಿಂಗ್ 21 ಸೆಕೆಂಡಿನಲ್ಲಿ 550ರಂತೆ 7 ಸಲ, 3,850. ಅದು 60 ಸೆಕೆಂಡಿಗೊಮ್ಮೆ ಸಿಗುತ್ತದೆ. ಅಸೈಜ್ 40 ಸೆಕೆಂಡಿಗೊಮ್ಮೆ 500, ಸರಾಸರಿ ನಿಮಿಷಕ್ಕೆ 750. ಒಟ್ಟು 8,600.

ಹೋಗುವುದು: 2.5 ಸೆಕೆಂಡಿಗೊಂದು ಗ್ಲೇರ್ (ಶತ್ರುವಿಗೆ ಹೊಡೆಯುವ ಮಂತ್ರ) ಹಾಕುತ್ತಾ ಹೋದರೆ 24 ಕಾಸ್ಟ್, ಒಂದಕ್ಕೆ 400, ಒಟ್ಟು 9,600.

ನಿಮಿಷಕ್ಕೆ 1,000 ಕೊರತೆ. ಇದರಲ್ಲಿ ಇನ್ನೂ ಒಂದು ಹೀಲ್ ಕೂಡ ಸೇರಿಲ್ಲ ಎನ್ನುವುದನ್ನು ಗಮನಿಸಿ. ಈ ಆಟದಲ್ಲಿ ಹೀಲರ್‌ನ ಮಾನಾ ತಿನ್ನುವುದು ಮುಖ್ಯವಾಗಿ ಡ್ಯಾಮೇಜ್ ಮಂತ್ರ. ಹಾಗಾಗಿ ಗ್ಲೇರ್‌ನ ಬೆಲೆ 50 ಏರಿದರೆ ನಿಮಿಷಕ್ಕೆ 1,200 ಹೋಗುತ್ತದೆ. ಹೀಲ್ ಮಂತ್ರ ಕ್ಯೂರ್ 2ರ ಬೆಲೆ 200 ಏರಿದರೂ ನಿಮಿಷಕ್ಕೆ ಎರಡು ಸಲ ಹಾಕುವವನಿಗೆ ಹೋಗುವುದು 400.

ಕೊರತೆ ತುಂಬುವುದು ಲಿಲಿಗಳು, ಅಂದರೆ ಫೈಟಿನಲ್ಲಿ ತಾನಾಗಿ ಕೂಡುವ ಗುರುತುಗಳು. 20 ಸೆಕೆಂಡಿಗೆ ಒಂದರಂತೆ ನಿಮಿಷಕ್ಕೆ ಮೂರು ಲಿಲಿ, ಅವುಗಳಿಂದ ಹಾಕುವ ಅಫ್ಲೇಟಸ್ ಹೀಲ್‌ಗಳಿಗೆ ಎಂಪಿ ಬೇಡ. ಮೂರೂ ಬಳಸಿದ ಮೇಲೆ ಸಿಗುವ ಮಿಸರಿ ಎಂಬ ಹೊಡೆತಕ್ಕೂ ಬೇಡ. ನಾಲ್ಕು ಗ್ಲೇರ್‌ಗಳ ಜಾಗ ಇವು ತುಂಬುವುದರಿಂದ 1,600 ಉಳಿದು, ಕೊರತೆ 600 ಲಾಭವಾಗುತ್ತದೆ. ಲಿಲಿ ತುಂಬಿ ಕೂತಿರುವಾಗ 1,000 ಎಂಪಿಯ ಕ್ಯೂರ್ 2 ಹಾಕುವುದು ಈ ಕ್ಲಾಸಿನಲ್ಲಿ ನಾವು ಕಾಣುವ ಅತಿ ದುಬಾರಿ ಅಭ್ಯಾಸ. ಸೇಜ್ ಎಂಬ ಹೀಲರ್ ಕ್ಲಾಸ್ ಆಡುವವರಿಗೂ ಇದೇ ಮಾತು. ಆ್ಯಡರ್‌ಸ್ಗಾಲ್ (ಲಿಲಿಯಂತೆಯೇ ಕೂಡುವ ಗುರುತು) ಒಂದು ಖರ್ಚು ಮಾಡಿದರೆ 700 ಎಂಪಿ ವಾಪಸ್ ಬರುತ್ತದೆ. ಯಾರಿಗೂ ಗಾಯವಿಲ್ಲ ಎಂದು ಮೂರನ್ನೂ ತುಂಬಿಟ್ಟುಕೊಂಡರೆ ಆ 700 ಬರುವುದೇ ನಿಲ್ಲುತ್ತದೆ. ಗಾಯವಿಲ್ಲದಿದ್ದರೂ ಒಂದನ್ನು ಟ್ಯಾಂಕ್ (ಶತ್ರುವಿನ ಪೆಟ್ಟಿಗೆ ತಾನೇ ಎದುರು ನಿಲ್ಲುವ ಆಟಗಾರ) ಮೇಲೆ ಹಾಕಿ.

ಈಗ ಇದರ ಮೇಲೆ ಸಾವುಗಳನ್ನು ಹಾಕಿ. ಸತ್ತವರನ್ನು ಎಬ್ಬಿಸುವ ಮಂತ್ರ ರೇಯ್ಸ್ ಒಂದಕ್ಕೆ 2,400. 2024ರ ಡಾನ್‌ಟ್ರೇಲ್ ಆವೃತ್ತಿಯಲ್ಲಿ ಮೇಲಿನ ಲೆವೆಲ್‌ಗಳಿಗೆ ಸ್ವಿಫ್ಟ್‌ಕಾಸ್ಟ್ (ಮುಂದಿನ ಮಂತ್ರವನ್ನು ಕ್ಷಣದಲ್ಲಿ ಹಾಕಿಸುವುದು) ಮತ್ತೆ ಸಿಗುವ ಅವಧಿ 60 ಸೆಕೆಂಡಿನಿಂದ 40ಕ್ಕೆ ಇಳಿಯಿತು. ಓದಲು ಇದು ಬರೀ ಅನುಕೂಲ. ಲೆಕ್ಕದಲ್ಲಿ ನೋಡಿದರೆ ಎರಡು ನಿಮಿಷಕ್ಕೆ ಎರಡು ತ್ವರಿತ ರೇಯ್ಸ್ ಆಗುತ್ತಿದ್ದದ್ದು ಮೂರಾಗುತ್ತದೆ, 4,800 ಇದ್ದದ್ದು 7,200 ಆಗುತ್ತದೆ. ಬಲ ಕೊಟ್ಟ ಬದಲಾವಣೆಯೇ ಮಾನಾ ಖಾಲಿ ಮಾಡಬಲ್ಲದು. ವೈಟ್ ಮೇಜ್ ಆಗಿದ್ದರೆ ಥಿನ್ ಏರ್‌ನ (ಮುಂದಿನ ಮಂತ್ರವನ್ನು ಉಚಿತ ಮಾಡುವುದು) ಒಂದು ಚಾರ್ಜನ್ನು ಯಾವಾಗಲೂ ರೇಯ್ಸ್‌ಗೆ ಕಾದಿಡಿ; ಅದನ್ನು ಗ್ಲೇರ್ ಮೇಲೆ ಸುರಿದರೆ 400 ಉಳಿಯುತ್ತದೆ, ರೇಯ್ಸ್ ಮೇಲಾದರೆ 2,400. ಬೇರೆ ಹೀಲರ್‌ಗಳು ಎಂಪಿ 2,400ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಆ ಗೆರೆಯ ಕೆಳಗೆ ಒಬ್ಬರು ಸತ್ತರೂ ಎಬ್ಬಿಸುವ ದಾರಿ ಇರುವುದಿಲ್ಲ.

ಲೂಸಿಡ್ ಯಾವಾಗ? ಅದು ಓಡುವ 21 ಸೆಕೆಂಡಿನಲ್ಲಿ ನಿಮಗೆ 3,850 ಮತ್ತು ತಾನಾಗಿ ಬರುವ 1,400, ಒಟ್ಟು 5,250 ಬರುತ್ತದೆ. ಅದೇ ಹೊತ್ತಿನಲ್ಲಿ ಗ್ಲೇರ್‌ಗೆ 3,360 ಹೋಗುತ್ತದೆ. ನಿವ್ವಳ 1,890. ಅಂದರೆ ಎಂಪಿ 8,000 ಮುಟ್ಟಿದ ಕೂಡಲೇ ಒತ್ತಿದರೆ ಒಂದು ಹನಿಯೂ ಚೆಲ್ಲುವುದಿಲ್ಲ. ಫೈಟ್ ಶುರುವಾಗಿ ಸುಮಾರು 20 ಸೆಕೆಂಡಿಗೇ ಆ ಹಂತ ಬರುತ್ತದೆ. 3,000ಕ್ಕೆ ಇಳಿಯಲಿ ಎಂದು ಕಾದವನು ಎಂಟು ನಿಮಿಷದ ಫೈಟಿನಲ್ಲಿ ಒಂದೋ ಎರಡೋ ಲೂಸಿಡ್ ಕಳೆದುಕೊಳ್ಳುತ್ತಾನೆ.

ಹಂತ 4: ಪ್ರತಿ ಮಾನಾಕ್ಕೆ ಎಷ್ಟು ಹೀಲ್

ವಾರ್‌ಕ್ರಾಫ್ಟ್ ಕ್ಲಾಸಿಕ್ (ಆಟದ ಹಳೆಯ ರೂಪ) ಆಡುವವರಿಗೆ ಈ ಹಂತವೇ ಎಲ್ಲ. ಪ್ರೀಸ್ಟ್‌ನ ಮೂರು ಮಂತ್ರ ತೆಗೆದುಕೊಳ್ಳಿ (ರ‍್ಯಾಂಕ್ ಎಂದರೆ ಮಂತ್ರದ ಮಟ್ಟ), ಗೇರ್‌ನಿಂದ 500 ಹೀಲಿಂಗ್ ಇದೆ ಎನ್ನಿ. 3 ಸೆಕೆಂಡಿನ ಮಂತ್ರಕ್ಕೆ ಅದರ 85.7%, 1.5 ಸೆಕೆಂಡಿನದ್ದಕ್ಕೆ 42.9% ಸೇರುತ್ತದೆ.

- ಹೀಲ್ ರ‍್ಯಾಂಕ್ 4: ಬೆಲೆ 305, ಸರಾಸರಿ 758, ಗೇರ್ ಸೇರಿ ಸುಮಾರು 1,186. ಒಂದು ಮಾನಾಕ್ಕೆ 3.89.
- ಗ್ರೇಟರ್ ಹೀಲ್ ರ‍್ಯಾಂಕ್ 5: ಬೆಲೆ 710, ಸರಾಸರಿ 2,080, ಗೇರ್ ಸೇರಿ ಸುಮಾರು 2,508. ಒಂದು ಮಾನಾಕ್ಕೆ 3.53.
- ಫ್ಲ್ಯಾಶ್ ಹೀಲ್ ರ‍್ಯಾಂಕ್ 7: ಬೆಲೆ 380, ಸರಾಸರಿ 885, ಗೇರ್ ಸೇರಿ ಸುಮಾರು 1,099. ಒಂದು ಮಾನಾಕ್ಕೆ 2.89.

ಗೇರ್‌ನ ಹೀಲಿಂಗ್ 1,000ಕ್ಕೆ ಏರಿದರೆ ಇವು ಕ್ರಮವಾಗಿ 5.30, 4.14, 3.46 ಆಗುತ್ತವೆ. ಕಡಿಮೆ ಬೆಲೆಯ ಹಳೆಯ ರ‍್ಯಾಂಕಿಗೆ ಗೇರ್‌ನ ಲಾಭ ಹೆಚ್ಚು ಸಿಗುತ್ತದೆ. ಕೆಳಗಿನ ರ‍್ಯಾಂಕ್ ಬಳಸುವ ಪದ್ಧತಿ ಹುಟ್ಟಿದ್ದು ಇಲ್ಲಿಂದ. ಮುಂದಿನ ಆವೃತ್ತಿ ಬರ್ನಿಂಗ್ ಕ್ರುಸೇಡ್‌ನಲ್ಲಿ ಹಳೆಯ ರ‍್ಯಾಂಕ್‌ಗಳಿಗೆ ಕಡಿತ ಬಂತು. 2008ರ 3.0 ಪ್ಯಾಚ್ ಎಲ್ಲ ರ‍್ಯಾಂಕ್‌ಗಳ ಬೆಲೆಯನ್ನೂ ಮೂಲ ಮಾನಾದ ಶೇಕಡಾವಾರು ಮಾಡಿ ಆ ದಾರಿಯನ್ನೇ ಮುಚ್ಚಿತು. ನೀವು ಆಡುವುದು ಕ್ಲಾಸಿಕ್‌ನ ಯಾವ ಆವೃತ್ತಿ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಒಂದರ ಸಲಹೆ ಇನ್ನೊಂದರಲ್ಲಿ ನಷ್ಟ.

ಮೇಲಿನ ಅಂಕಿಗಳಿಂದ ಓವರ್‌ಹೀಲ್ ಕಳೆಯಬೇಕು, ಆಗಲೇ ನಿಜ ಕಾಣುವುದು. ಗ್ರೇಟರ್ ಹೀಲ್ 40% ವ್ಯರ್ಥವಾದರೆ 3.53 ಇದ್ದದ್ದು 2.12ಕ್ಕೆ ಬರುತ್ತದೆ. ಹೀಲ್ ರ‍್ಯಾಂಕ್ 4 ಕೇವಲ 10% ವ್ಯರ್ಥವಾದರೆ 3.50 ಉಳಿಯುತ್ತದೆ. ಪ್ಯಾಚ್ ನಂತರ ನಿಮ್ಮ ಲಾಗ್‌ನಲ್ಲಿ ಮೊದಲು ನೋಡಬೇಕಾದ ಕಾಲಂ ಇದೇ. 10% ನರ್ಫ್ ಆದ (ಬಲ ಇಳಿದ) ಮಂತ್ರದ ಓವರ್‌ಹೀಲ್ 40%ರಿಂದ 34%ಗೆ ಇಳಿಸಿಕೊಂಡರೆ ನರ್ಫ್ ಹೆಚ್ಚುಕಮ್ಮಿ ತೊಳೆದುಹೋಗುತ್ತದೆ: 0.9ನ್ನು 0.66ರಿಂದ ಗುಣಿಸಿದರೆ 0.594, ಹಳೆಯದು 0.60.

ಆಟಗಾರರ ಜೀವ ಏರಿಸುವ ಪ್ಯಾಚ್‌ಗಳಿಗೂ ಇದೇ ಲೆಕ್ಕ. 2010ರ ಕ್ಯಾಟಕ್ಲಿಸಮ್ ಆವೃತ್ತಿಯಲ್ಲಿ ಎಲ್ಲರ ಜೀವ ಬಹಳ ಹೆಚ್ಚಿಸಿ, ಬೇಗದ ಹೀಲ್‌ಗಳನ್ನು ದುಬಾರಿ ಮಾಡಿ, ನಿಧಾನದ ಅಗ್ಗದ ಹೀಲ್ ಕೊಟ್ಟರು. ಅರ್ಧ ಜೀವದಲ್ಲಿರುವವನು ಇನ್ನು ಕೆಲವು ಸೆಕೆಂಡು ಕಾಯಬಲ್ಲ ಎನ್ನುವುದು ಅದರ ಲೆಕ್ಕಾಚಾರ. ಹಿಂದಿನ ಆವೃತ್ತಿಯ ರೂಢಿಯಂತೆ ಜೀವದ ಪಟ್ಟಿ ತುಂಬಿಸಲು ಫ್ಲ್ಯಾಶ್ ಹೀಲ್ ಸುರಿದವರಿಗೆ ಮೊದಲ ಡಂಜನ್‌ನಲ್ಲೇ (ಚಿಕ್ಕ ತಂಡದ ಕಾಳಗ) ಮಾನಾ ಮುಗಿಯಿತು. ಜೀವ ಏರಿಸಿದ ಪ್ಯಾಚ್ ಬಂದಾಗ ನಿಮ್ಮ ಮಿತಿಯನ್ನೂ ಇಳಿಸಿ: 80%ಗೆ ಹೀಲ್ ಶುರು ಮಾಡುತ್ತಿದ್ದರೆ ಟ್ಯಾಂಕ್ ಅಲ್ಲದವರಿಗೆ 60%ವರೆಗೆ ಕಾದು ನೋಡಿ.

ಹಂತ 5: ಗೊಂಬೆಯ ಮೇಲೆ, ನಂತರ ಡಂಜನ್‌ನಲ್ಲಿ

ರೇಡ್‌ಗೆ (ದೊಡ್ಡ ತಂಡದ ಕಾಳಗ) ನೇರ ಹೋಗಬೇಡಿ. ಅಭ್ಯಾಸದ ಗೊಂಬೆಗೆ ಹೊಡೆದು ಕಾಂಬ್ಯಾಟ್‌ನಲ್ಲಿ ಉಳಿಯಿರಿ, ನಿಮ್ಮ ಮಂತ್ರಗಳ ಸಾಮಾನ್ಯ ಸರದಿಯನ್ನೇ ಮಾನಾ ಮುಗಿಯುವವರೆಗೆ ಅಥವಾ ಫೈಟಿನಷ್ಟು ಹೊತ್ತು ಓಡಿಸಿ. ಕಾಂಬ್ಯಾಟ್‌ನಿಂದ ಹೊರಬಿದ್ದರೆ ರೀಜೆನ್ ಏರಿ ಅಂಕಿ ಸುಳ್ಳಾಗುತ್ತದೆ. ಮೂರು ನಿಮಿಷಕ್ಕೆ ಎಷ್ಟು ಉಳಿಯಿತು ಎಂದು ಬರೆದಿಡಿ. ಒಂದು ಸಲಕ್ಕೆ ಒಂದೇ ಅಭ್ಯಾಸ ಬದಲಿಸಿ. ಗೇರ್, ಟ್ಯಾಲೆಂಟ್, ಸರದಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯುವುದಿಲ್ಲ.

ಕ್ಲಾಸಿಕ್‌ನಲ್ಲಿ ಐದು ಸೆಕೆಂಡಿನ ನಿಯಮವನ್ನೂ ಈ ಹಂತದಲ್ಲೇ ಕೈಗೆ ಕಲಿಸಬೇಕು. ಮಾನಾ ಖರ್ಚಾದ ಕ್ಷಣದಿಂದ 5 ಸೆಕೆಂಡು ಸ್ಪಿರಿಟ್ ರೀಜೆನ್ ನಿಲ್ಲುತ್ತದೆ, ಆಮೇಲೆ 2 ಸೆಕೆಂಡಿಗೊಮ್ಮೆ ಬರುತ್ತದೆ. ಪ್ರೀಸ್ಟ್‌ಗೆ ಆ ಮೊತ್ತ 13 ಮತ್ತು ಸ್ಪಿರಿಟ್‌ನ ಕಾಲು ಭಾಗ. 300 ಸ್ಪಿರಿಟ್ ಇದ್ದರೆ 88. ಹದಿನೈದು ಸೆಕೆಂಡು ಸುಮ್ಮನಿದ್ದರೆ ಕೊನೆಯ ಹತ್ತರಲ್ಲಿ 440, ಅಂದರೆ ಹೆಚ್ಚುಕಮ್ಮಿ ಒಂದೂವರೆ ಹೀಲ್ ರ‍್ಯಾಂಕ್ 4. ಮಾನಾ ಕಳೆಯುವುದು ಕಾಸ್ಟ್ ಮುಗಿದಾಗ, ಶುರುವಿನಲ್ಲಲ್ಲ. ಆದ್ದರಿಂದ ಗ್ರೇಟರ್ ಹೀಲ್ ಶುರು ಮಾಡಿ, ಟ್ಯಾಂಕ್ ತುಂಬಿದ್ದರೆ ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಮಾನಾವೂ ಉಳಿಯುತ್ತದೆ, ಐದು ಸೆಕೆಂಡಿನ ಗಡಿಯಾರವೂ ಓಡುತ್ತಲೇ ಇರುತ್ತದೆ.

ಹಂತ 6: ಪೋಶನ್ ಮತ್ತು ಹೊರಗಿನ ಮಾನಾ

ನಿಯಮ ಒಂದೇ: ಪೋಶನ್ (ಮಾನಾ ತುಂಬುವ ಪಾನೀಯ) ಹೆಚ್ಚೆಂದರೆ ಎಷ್ಟು ಕೊಡುತ್ತದೋ ಅಷ್ಟು ಕೊರತೆ ಆದ ಕೂಡಲೇ ಕುಡಿಯಿರಿ. ಕ್ಲಾಸಿಕ್‌ನ ಮೇಜರ್ ಮಾನಾ ಪೋಶನ್ 1,350ರಿಂದ 2,250 ಕೊಡುತ್ತದೆ, 2 ನಿಮಿಷಕ್ಕೊಮ್ಮೆ ಸಿಗುತ್ತದೆ. ಆರು ನಿಮಿಷದ ಫೈಟಿನಲ್ಲಿ 1ನೇ ನಿಮಿಷಕ್ಕೆ ಶುರು ಮಾಡಿದರೆ ಮೂರು, 3ನೇ ನಿಮಿಷಕ್ಕೆ ಶುರು ಮಾಡಿದರೆ ಎರಡೇ. ಡಾರ್ಕ್ ರೂನ್ 900ರಿಂದ 1,500 ಕೊಡುತ್ತದೆ, ಅದರ ಕೂಲ್‌ಡೌನ್ (ಮತ್ತೆ ಸಿಗುವವರೆಗಿನ ಸಮಯ) ಬೇರೆ, ಆದರೆ ನಿಮ್ಮ ಜೀವದಲ್ಲಿ 600ರಿಂದ 1,000 ಕಿತ್ತುಕೊಳ್ಳುತ್ತದೆ. ರೇಡ್‌ಗೆಲ್ಲ ಪೆಟ್ಟು ಬೀಳುವ ಹೊತ್ತಿನಲ್ಲಿ ಮುಟ್ಟಬೇಡಿ. 3.0 ಪ್ಯಾಚ್‌ನಿಂದ ಒಂದು ಫೈಟಿಗೆ ಒಂದೇ ಪೋಶನ್ ಆಯಿತು. ಆಗ ಲೆಕ್ಕ ತಿರುಗಿತು, ಪೋಶನ್‌ಗಿಂತ ರೀಜೆನ್ ಗೇರ್‌ಗೆ ಬೆಲೆ ಬಂತು.

ಡ್ರೂಯಿಡ್ ಎಂಬ ಕ್ಲಾಸ್ ಇನ್ನೊಬ್ಬರಿಗೆ ಕೊಡುವ ಇನರ್ವೇಟ್ ಮಂತ್ರದ ಹೆಸರು ಒಂದೇ ಆದರೂ ಕೆಲಸ ಎರಡು. ಕ್ಲಾಸಿಕ್‌ನಲ್ಲಿ ಅದು 20 ಸೆಕೆಂಡು ಸ್ಪಿರಿಟ್ ರೀಜೆನ್ ಏರಿಸುತ್ತದೆ, ಆದ್ದರಿಂದ ಸ್ಪಿರಿಟ್ ಹೆಚ್ಚಿರುವ, ಮಾನಾ ಕೆಳಗಿರುವ ಪ್ರೀಸ್ಟ್‌ಗೆ ಸೇರಬೇಕು. 2016ರ ಲೀಜನ್ ಆವೃತ್ತಿಯಲ್ಲಿ ಗೇರ್‌ನಿಂದ ಸ್ಪಿರಿಟ್ ಹೋಯಿತು, ಇನರ್ವೇಟ್ ಕೆಲವು ಸೆಕೆಂಡು ಮಂತ್ರಗಳನ್ನು ಉಚಿತ ಮಾಡುವಂಥದ್ದಾಯಿತು. ಅಲ್ಲಿ ಮಾನಾ ಎಷ್ಟಿದೆ ಎನ್ನುವುದು ಮುಖ್ಯವಲ್ಲ. ಆ ಸೆಕೆಂಡುಗಳಲ್ಲಿ ಅತಿ ದುಬಾರಿ ಮಂತ್ರಗಳನ್ನೇ ಹಾಕಬೇಕು, ಇಡೀ ರೇಡ್‌ಗೆ ಪೆಟ್ಟು ಬೀಳುವ ಸಮಯಕ್ಕೆ ಕೇಳಿಕೊಳ್ಳಬೇಕು.

ನಮ್ಮ ಕಡೆಯ ಲೈನ್, ನಮ್ಮ ಕಡೆಯ ಮಳೆ

ಯುರೋಪ್ ಸರ್ವರ್‌ನ ರಾತ್ರಿ 8 ಗಂಟೆ ಎಂದರೆ ನಮಗೆ ಚಳಿಗಾಲದಲ್ಲಿ 12.30, ಬೇಸಿಗೆಯಲ್ಲಿ 11.30. ಅಷ್ಟು ದೂರದ ಸರ್ವರ್‌ನಲ್ಲಿ ನೀವು ನೋಡುವ ಜೀವದ ಪಟ್ಟಿ ಯಾವಾಗಲೂ ಸ್ವಲ್ಪ ಹಳೆಯದು. ಅದೂ ಓವರ್‌ಹೀಲ್‌ಗೆ ಒಂದು ಕಾರಣ. ವಾರ್‌ಕ್ರಾಫ್ಟ್‌ನಲ್ಲಿ ಸ್ಪೆಲ್ ಕ್ಯೂ ವಿಂಡೋ ಮೂಲತಃ 400 ಮಿಲಿಸೆಕೆಂಡ್ ಇರುತ್ತದೆ, ಅಂದರೆ ಈಗಿನ ಕಾಸ್ಟ್ ಮುಗಿಯಲು 0.4 ಸೆಕೆಂಡು ಇರುವಾಗಲೇ ಮುಂದಿನ ಮಂತ್ರ ಗಟ್ಟಿಯಾಗಿಬಿಡುತ್ತದೆ. ಹೀಲರ್‌ಗೆ ಅದು ಜಾಸ್ತಿ. ಆಟ ತೋರಿಸುವ ವರ್ಲ್ಡ್ ಲೇಟೆನ್ಸಿಗೆ (ಸರ್ವರ್ ಮುಟ್ಟಿ ಬರುವ ವಿಳಂಬ, ಮಿಲಿಸೆಕೆಂಡ್‌ನಲ್ಲಿ) 100 ಕೂಡಿಸಿ ಇಡಿ. 160 ತೋರಿಸಿದರೆ 260. ಅದಕ್ಕೂ ಕೆಳಗೆ ಹೋದರೆ ಕಾಸ್ಟ್‌ಗಳ ನಡುವೆ ಬಿಡುವು ಬೀಳುತ್ತದೆ.

ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಕರೆಂಟ್ ನಂಬುವಂತಿಲ್ಲ. ಕಂಪ್ಯೂಟರ್‌ಗೆ ಯುಪಿಎಸ್ ಇಟ್ಟು ಫೈಬರ್ ಪೆಟ್ಟಿಗೆಯನ್ನೂ ರೂಟರ್ ಅನ್ನೂ ಗೋಡೆಯ ಪ್ಲಗ್ಗಿಗೇ ಬಿಟ್ಟರೆ ಏನೂ ಉಪಯೋಗವಿಲ್ಲ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪ್ ನೋಡಿ, ಅದೇ ವೋಲ್ಟ್‌ನ, ಅಷ್ಟೋ ಅದಕ್ಕಿಂತ ಹೆಚ್ಚೋ ಆ್ಯಂಪ್ ಕೊಡುವ ಚಿಕ್ಕ ರೂಟರ್ ಯುಪಿಎಸ್ ತನ್ನಿ. ಯುರೋಪ್‌ನ ವಾರ್‌ಕ್ರಾಫ್ಟ್ ಸರ್ವರ್‌ಗಳಿಗೆ ಪ್ಯಾಚ್ ಬೀಳುವುದು ಬುಧವಾರ. ದೊಡ್ಡ ಪ್ಯಾಚ್‌ನ ಮುಂಗಡ ಡೌನ್‌ಲೋಡ್ ಸಿಕ್ಕಿದ ದಿನವೇ ಇಳಿಸಿಟ್ಟುಕೊಳ್ಳಿ.

ಎಲ್ಲಿ ತಪ್ಪುತ್ತದೆ

ಮಾನಾ ಬೇಗ ಮುಗಿದರೂ ಓವರ್‌ಹೀಲ್ ಕಡಿಮೆ ಇದ್ದರೆ ತಪ್ಪು ನಿಮ್ಮಲ್ಲಿಲ್ಲ. ರೇಡ್ ತಪ್ಪಿಸಿಕೊಳ್ಳಬಹುದಾದ ಪೆಟ್ಟನ್ನು ತಿನ್ನುತ್ತಿದೆ, ಲಾಗ್‌ನಲ್ಲಿ ಯಾವ ಪೆಟ್ಟು ಎಂದು ಹೆಸರು ಹಿಡಿದು ರೇಡ್ ಲೀಡರ್‌ಗೆ ತೋರಿಸಿ. ಒಬ್ಬ ಹೀಲರ್‌ನ ಮಾನಾ 0, ಇನ್ನೊಬ್ಬರದ್ದು 60% ಇದ್ದರೆ ಹಂಚಿಕೆ ತಪ್ಪಿದೆ. ಇಬ್ಬರೂ ಒಂದೇ ಟ್ಯಾಂಕ್ ಮೇಲೆ ಹಾಕಿ ಒಬ್ಬರ ಹೀಲ್ ವ್ಯರ್ಥವಾಗುತ್ತಿರುತ್ತದೆ. ಮೊದಲ ಎರಡು ನಿಮಿಷದಲ್ಲೇ ಮಾನಾ ಅರ್ಧಕ್ಕೆ ಬಂದು ಆಮೇಲೆ ನಿಂತರೆ, ಶುರುವಿನ ಗಾಬರಿಯಲ್ಲಿ ಬೇಗದ ಹೀಲ್ ಹೆಚ್ಚಾಗಿದೆ. ರೀಜೆನ್ ಗೇರ್ ಹಾಕಿಯೂ ಸಾಲದಿದ್ದರೆ ಅದನ್ನು ತೆಗೆದು ಹೀಲಿಂಗ್ ಏರಿಸುವ ಗೇರ್ ಹಾಕಿ ಒಮ್ಮೆ ನೋಡಿ. ಒಂದೊಂದು ಹೀಲ್ ದೊಡ್ಡದಾದರೆ ಎಣಿಕೆ ಕಡಿಮೆಯಾಗುತ್ತದೆ, ಓವರ್‌ಹೀಲ್ ತಡೆಯಬಲ್ಲವನಿಗೆ ಅದೇ ಹೆಚ್ಚು ಉಳಿಸುತ್ತದೆ.

ಪ್ಯಾಚ್ ನಂತರದ ಮೊದಲ ವಾರದ ಲಾಗ್ ನೋಡಿ ತೀರ್ಮಾನಿಸಬೇಡಿ. ಆ ವಾರ ಎಲ್ಲರೂ ಹೊಸ ಸರದಿ ಕಲಿಯುತ್ತಿರುತ್ತಾರೆ, ಫೈಟ್‌ಗಳು ಉದ್ದವಾಗುತ್ತವೆ, ಸಾವೂ ಹೆಚ್ಚು. ಬಿಸಿ ತಣಿಸಲು ಡೆವಲಪರ್‌ಗಳು ಚಿಕ್ಕ ತಿದ್ದುಪಡಿಗಳನ್ನೂ ಅದೇ ದಿನಗಳಲ್ಲಿ ಹಾಕುತ್ತಾರೆ. ಎರಡನೆಯ ವಾರ ಅದೇ ಬಾಸ್‌ನ, ಹೆಚ್ಚುಕಮ್ಮಿ ಅದೇ ಉದ್ದದ ಫೈಟನ್ನು ಹಳೆಯ ದಾಖಲೆಯ ಪಕ್ಕ ಇಟ್ಟು ಹಂತ 3ರ ಜಮಾ-ಖರ್ಚನ್ನು ಇನ್ನೊಮ್ಮೆ ಬರೆಯಿರಿ. ಗೇರ್ ಬದಲಿಸುವ ಮಾತು ಆಮೇಲೆ.